ಮೈಸೂರಿಂದ ಒಂದೇ ದಿನದ ಊಟಿ ಬಸ್ ಟೂರ್, ಅವ್ವನಿಗೆ ಆಗುತ್ತಾ?

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ದಸರಾ ರಜೆಗೆ ಹಂಪಿ ಎಕ್ಸ್‌ಪ್ರೆಸ್‌ಗೆ ಮೈಸೂರಿಗೆ ಹೊರಟಿದ್ದೇವೆ. ಅಲ್ಲಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಊಟಿ ಟೂರ್ ಬಸ್ ಇದೆಯಂತೆ. ಅವ್ವನಿಗೆ 64. ಇಲ್ಲಿನ ಬಿಸಿಲು, ಬಂಡೆಗುಡ್ಡ, ಹೆಚ್ಚೆಂದರೆ ಸಂಡೂರು, ಅಷ್ಟೇ ನೋಡಿರೋದು. ಮೋಡ ಮೈಗೆ ತಾಗೋ ಬೆಟ್ಟ ಒಂದ್ಸಲ ನೋಡಬೇಕು ಅಂತಾಳೆ. ಆದರೆ ತಿರುವು ಬಂದರೆ ವಾಂತಿ. ಹೋಗಿಬಂದವರು ಇದ್ದದ್ದು ಇದ್ದಹಾಗೆ ಹೇಳಿ.

ರಾಯಚೂರು ಮೇಷ್ಟ್ರು:
ಅಕ್ಕಾರೆ, ಹೋದ ವರ್ಷ ನಾವು ಹೋಗಿದ್ದೆವು. ಗೂಡಲೂರು ಮೇಲೆ ಸುಮಾರು 155 ಕಿ.ಮೀ., ಕೇಳೋಕೆ ಕಡಿಮೆ. ಆದರೆ ಬಂಡೀಪುರ, ಮುದುಮಲೆ ಕಾಡಲ್ಲಿ ಹಂಪ್ ಮೇಲೆ ಹಂಪ್, ಗೂಡಲೂರು ದಾಟಿದ ಮೇಲೆ ಬರೀ ತಿರುವು, ಹೋಗೋಕೆ ನಾಲ್ಕೈದು ಗಂಟೆ, ಬರೋಕೂ ಅಷ್ಟೇ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರೋದರಿಂದ ಬಸ್ಸಿನವರು ಊಟಿಯಿಂದ ಸಂಜೆ ನಾಲ್ಕು ಗಂಟೆಗೇ ಹತ್ತಿಸಿಬಿಡ್ತಾರೆ. ಬೊಟಾನಿಕಲ್ ಗಾರ್ಡನ್‌ಗೆ ನಮಗೆ ಕೊಟ್ಟಿದ್ದು ಮುಕ್ಕಾಲು ಗಂಟೆ. ಚಾಕೊಲೇಟ್ ಅಂಗಡಿ ಮುಂದೆ ಮಾತ್ರ ಒಂದು ಗಂಟೆ ನಿಲ್ಲಿಸಿದರು! ನಮ್ಮಮ್ಮ ಗೇಟಿನ ಪಕ್ಕದ ಹುಲ್ಲಿನ ಮೇಲೆ ಕೂತು ಎದ್ದು ಬಂದಳು. ಇವತ್ತಿಗೂ ನನಗೆ ಅದೇ ಬೇಜಾರು. ಒಂದು ರಾತ್ರಿ ಉಳಿಯೋದಾದರೆ ಮಾತ್ರ ಹೋಗಿ.

ಗಂಗಾವತಿಯವಳು:
ಹೋಗೋದೇ ಆದರೆ ಡ್ರೈವರ್ ಹಿಂದಿನ ಸೀಟು ಮೊದಲೇ ಹೇಳಿಡಿ, ಹಿಂದಿನ ಚಕ್ರದ ಮೇಲೆ ಕೂರಿಸಬೇಡಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಪೂರಿ ಬೇಡ. ವಾಂತಿ ಮಾತ್ರೆ ಡಾಕ್ಟರನ್ನು ಕೇಳಿ ಹೊರಡೋ ಮುಂಚೆ ಕೊಡಿ, ವಾಂತಿ ಶುರುವಾದ ಮೇಲೆ ಕೊಟ್ಟರೆ ಅಷ್ಟು ಪ್ರಯೋಜನ ಇಲ್ಲ. ನೀರಿಗೆ ಸ್ಟೀಲ್ ಬಾಟಲಿ, ನೀಲಗಿರಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಡಲ್ಲ.

ಗುಂಡ್ಲುಪೇಟೆ ಅಳಿಯ, ಕೊಪ್ಪಳ:
ಅವ್ವನಿಗೆ ಬೇಕಿರೋದು ಮೋಡ ಅಲ್ವಾ? ಹಾಗಾದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಮೈಸೂರಿಂದ ಸುಮಾರು 75 ಕಿ.ಮೀ., ಎತ್ತರ 1454 ಮೀಟರ್. ಬುಡದಲ್ಲಿ ನಿಮ್ಮ ಗಾಡಿ ಬಿಟ್ಟು ಸರ್ಕಾರಿ ಬಸ್ಸಲ್ಲೇ ಮೇಲೆ ಹೋಗಬೇಕು. ತಿರುವು ಇದೆ, ಆದರೆ ಸ್ವಲ್ಪ ಹೊತ್ತು ಅಷ್ಟೇ. ನಮ್ಮತ್ತೆ ಗುಡಿ ಮೆಟ್ಟಿಲ ಮೇಲೆ ನಿಂತಿದ್ದಾಗ ಮಂಜು ಬಂತು ನೋಡಿ, ಎರಡು ಮಾರು ಆಚೆ ಇದ್ದ ನಾನೇ ಅವರಿಗೆ ಕಾಣಲಿಲ್ಲ. ಸೆರಗಿನ ಅಂಚು ಹಿಂಡಿದರೆ ನೀರು. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದರೆ ಮಂಜು ಹೋಗಿಬಿಡುತ್ತೆ.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:
ಅಣ್ಣಾ, ಇದನ್ನು ಅವ್ವನಿಗೆ ಓದಿ ಹೇಳಿದೆ. "ಅಲ್ಲಿಗೇ ಹೋಗೋಣ, ಸ್ವೆಟರ್ ತಗೋ" ಅಂದಳು. ಊಟಿ ಬಸ್ಸಿಗೆ ಇನ್ನೂ ದುಡ್ಡು ಕಟ್ಟಿರಲಿಲ್ಲ, ಒಳ್ಳೆಯದೇ ಆಯಿತು.