ಮಂಜಾ, ಆ ಬ್ಲೇಡ್ ಕೂಡಸಬ್ಯಾಡ

ಹಲೋ... ಮಂಜಾ, ನಾ ಕಾಕಾ. ಹಿಂದ ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ, ನಿಮ್ಮ ಕಾಕು ಗುಡಿಗೆ ಹೋಗ್ಯಾಳ, ಹಂಗ ಕೇಳಸ್ಕೋ. ಮುಂಜಾನೆ ನೀ ಗ್ರೂಪ್‌ನ್ಯಾಗ ಹಾಕಿದ್ದು ಈಗ ನೋಡ್ದೆ. ಕಟ್ಟಗಿ ಅಡ್ಡಕ ಕೊಯ್ಯೂ ಮೈಟರ್ ಮಶೀನಿನ ಬ್ಲೇಡ್ ಮೊಂಡ ಆಗೈತಿ, ಕಟ್ಟಗಿ ಕರ್ರಗ ಸುಡತೈತಿ, ಅಂಗಡ್ಯಾಂವ 24 ಹಲ್ಲಿಂದು ಸೋವಿಯೊಳಗ ಕೊಡತಾನಂತ, ತೂತು ದೊಡ್ಡದೈತಿ, ರಿಂಗ್ ಹಾಕಿ ಕೂಡಸ್ಲೇನು, ಅಂಜಿಕಿ ಬರತೈತಿ ಅಂತ. ಅಂಜಿಕಿ ಬರಬೇಕಪಾ! ಕೂಡಸಬ್ಯಾಡ.

ನೀ ಆಗ ಊರಾಗ ಸಾಲಿಗೆ ಹೋಗ್ತಿದ್ದಿ. 2009, ಗಣಪತಿ ಹಬ್ಬ ಎಂಟ್ ದಿನ ಇತ್ತು. ನಾನೂ ನಿಮ್ಮಪ್ಪನೂ ಪುಣೆದಾಗ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಕಡೆ ಆ ತಗಡಿನ ಶೆಡ್ಡಿನ್ಯಾಗ. ಕೋಥರೂಡದ ಒಂದ್ ಮನಿಗೆ ಸಾಗವಾನಿ ಪಟ್ಟಿ, ಹಬ್ಬದೊಳಗ ಮುಗಸಬೇಕು. ಬ್ಲೇಡ್ ಹೋತು. ನಾ ಶಾಣ್ಯಾ, ಟೇಬಲ್ ಮಶೀನಿಂದ ತಗದು ಮೈಟರ್‌ಗೆ ಹಾಕ್ದೆ. ಅದೂ 24 ಹಲ್ಲಿಂದ. ಉದ್ದಕ ಸೀಳೋ ಬ್ಲೇಡಿನ ಹಲ್ಲು ಮುಂದಕ್ಕ ಬಾಗಿರ್ತಾವ, ಹದ್ದಿನ ಕೊಕ್ಕಿದ್ದಂಗ, 15-20 ಡಿಗ್ರಿ. ಟೇಬಲ್ ಮ್ಯಾಲ ನಡೀತೈತಿ, ಅಲ್ಲಿ ಕಟ್ಟಗಿ ನಾವ ದೂಡತೀವಿ. ಮೈಟರ್‌ನ್ಯಾಗ ಬ್ಲೇಡ್ ಮ್ಯಾಲಿಂದ ಇಳೀತೈತಿ, ಕೊಕ್ಕಿನ ಹಲ್ಲು ಕೊಯ್ಯೂದು ಬಿಟ್ಟು ಕಚ್ಚತೈತಿ. ತಾನ ಜಗ್ಗಿಕೊಂಡು ಇಳೀತೈತಿ. ಮ್ಯಾಲ ರಿಂಗು, ಪೈಪ್ ಕೊಯ್ದು ಉಜ್ಜಿ ನಾನ ಮಾಡಿದ್ದು, ಸಡ್ಲ. ಬ್ಲೇಡ್ ತಿರಗೂದು ನೋಡಿದ್ರ ಊಟದ ತಾಟು ಅಲ್ಲಾಡಿದಂಗ.

ಮೂರನೇ ಸಲ ಕೊಯ್ಯಾಕತ್ತಿದ್ದೆ. ಗೇಣುದ್ದದ ಪಟ್ಟಿ, ಎಡಗೈಲೆ ಹಿಡದಿದ್ದೆ. ಟಪ್! ಪಟ್ಟಿ ಕೈಯಾಗಿಲ್ಲ. ಕ್ಯಾಲೆಂಡರ್ ಹರದು ಹಿಂದಿನ ತಗಡಿಗೆ ತಗ್ಗು ಬಿದ್ದಿತ್ತು. ಹೆಬ್ಬಟ್ಟು ನೋಡ್ಕೊಂಡೆ, ಉಗುರು ಅರ್ಧ ಎದ್ದ ನಿಂತಿತ್ತು, ರಕ್ತ ಇನ್ನೂ ಬಂದಿಲ್ಲ, ಒಳಗ ಬೆಳ್ಳಗ ಕಾಣತೈತಿ. ಆಮ್ಯಾಲ ಬಂತು. ಇವತ್ತಿಗೂ ಆ ಉಗುರು ಎರಡ ಹೋಳಾಗಿ ಬೆಳೀತೈತಿ, ಸ್ವೆಟರ್ ಹಾಕ್ಕೊಳ್ಳೂವಾಗ ಸಿಕ್ಕೊಂತೈತಿ. ತಮ್ಮಾ, ಸೀಳೋ ಬ್ಲೇಡ್ ಬ್ಯಾಡ, ಸಡ್ಲ ರಿಂಗ್ ಬ್ಯಾಡ. ಕೇಳಿದೇನು?

ನಮಗ ಆ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಏನ್ ಮಾಡಿದ ಗೊತ್ತೇನ? ನಾ ಕೈಗೆ ಪಟ್ಟಿ ಕಟ್ಕೊಂಡು ಪಗಾರ ಕೇಳಾಕ ಹೋದ್ರ, ಹಾಳಾದ ಸಾಗವಾನಿದು ರೊಕ್ಕ ಹಿಡಕೊಂಡ. ಗೇಣುದ್ದದ ತುಂಡಿಗೆ! ನಿಮ್ಮಪ್ಪ ಬಾಜೂಕ ನಿಂತಿದ್ದ, ಒಂದ್ ಮಾತ್ ಆಡ್ಲಿಲ್ಲ. ‘ಹೋಗ್ಲಿ ಬಿಡೋ, ಮುಂದ ಕೆಲಸ ಕೊಡತಾನ’ ಅಂದ. ಕೊಟ್ಟ, ಕೊಟ್ಟ, ಅಂವಗ ಕೊಟ್ಟ, ನನಗಲ್ಲ. ಅಣ್ಣಾ ಈ ಗ್ರೂಪ್‌ನ್ಯಾಗ ಅದಾನ, ಕೇಳ್ಲಿ. ಹದಿನೈದ್ ದಿನಾ ನಾ ಮನ್ಯಾಗ ಕುಂತೆ, ಒಂದ್ ಸಲ ಬಂದು ಚಾ ಕುಡದು ಹೋದ.

ಏನ್ ಹೇಳಾಕತ್ತಿದ್ದೆ... ಹಾಂ, ಬ್ಲೇಡ್. ಹಳೇ ಬ್ಲೇಡ್ ಬಿಚ್ಚಿ ಅಂಗಡಿಗೆ ಕೈಯಾಗ ಒಯ್ಯಿ, ಬಾಯಿಲೆ ಹೇಳಬ್ಯಾಡ. 10 ಇಂಚು ಅಂದ್ರ 255 ಮಿಲಿಮೀಟರ್ ಸರಿ, ತೂತು ಮಾತ್ರ 25.4 ಐತೋ 30 ಐತೋ ನೋಡು, ಎರಡೂ ಬರ್ತಾವ. ಮಶೀನಿಗೆ ಅಂಟಿಸಿದ ಪಟ್ಟಿ ಮ್ಯಾಲ ನಿಮಿಷಕ್ಕ 4,800 ಸುತ್ತು ಅಂತಿದ್ರ ಬ್ಲೇಡಿನ ಮ್ಯಾಲ ಅದಕ್ಕಿಂತ ಹೆಚ್ಚ ಬರದಿರಬೇಕು. ಸಾಗವಾನಿ ಪಟ್ಟಿ, ಪ್ಲೈ ಎಲ್ಲಾ 60 ಹಲ್ಲು, ನುಣ್ಣಗ ಬೇಕಂದ್ರ 80. ಹಲ್ಲಿನ ಬಾಗು ಮೈನಸ್ 5ರಿಂದ ಪ್ಲಸ್ 5 ಡಿಗ್ರಿ ಒಳಗಿಂದ ಕೇಳು, ಮೈನಸ್ ಅಂದ್ರ ಹಿಂದಕ್ಕ ಬಾಗಿದ್ದು. ಅಲ್ಯುಮಿನಿಯಮ್‌ಗೆ ಬ್ಯಾರೇನ ಬರತೈತಿ, ಅದರಾಗ ಕಟ್ಟಗಿ ಕೊಯ್ಯಬ್ಯಾಡ.

ಬಿಚ್ಚೂವಾಗ ಪ್ಲಗ್ ತಗದು ಕಿಸೆದಾಗ ಇಟ್ಟಷ್ಟ ಖಾತ್ರಿ ಮಾಡ್ಕೋ. ಭಾಳ ಮಶೀನಿಗೆ ಉಲ್ಟಾ ಥ್ರೆಡ್ ಇರತೈತಿ, ಉಳದ ನಟ್ ಬಿಗಿ ಮಾಡೂ ಕಡೆ ತಿರಗಿಸಿದ್ರ ಇದು ಬಿಚ್ಚತೈತಿ. ಹಂಗಂತ ಪಾನಾಕ್ಕ ಪೈಪ್ ಹಾಕಿ ಜಗ್ಗಬ್ಯಾಡ. ಬ್ಲೇಡಿನ ಬಾಣ, ಅದನ್ನ ಮುಚ್ಚೂ ಗಾರ್ಡಿನ ಬಾಣ ಒಂದ ಕಡೆ ಇರ್ಲಿ.

ಅಯ್ಯ, ಇನ್ನೊಂದು! ಹಳೇ ಬ್ಲೇಡಿನ ಹಲ್ಲಿಗೆ ಕರ್ರಗ ಅಂಟಿನಂಥಾದು ಕುಂತೈತೇನ್ ನೋಡು. ಕುಂತಿದ್ರ ಸೋಪಿನ ನೀರಾಗ ತೊಯಿಸಿ ಹಲ್ಲುಜ್ಜೂ ಬ್ರಶ್‌ಲೆ ತಿಕ್ಕು, ಮೊಂಡ ಆಗಿರಾಕಿಲ್ಲ. ಫೋಟೋ ಹಾಕು, ನೋಡತೀನಿ. ಕುಕ್ಕರ್ ಸೀಟಿ ಎಷ್ಟಾದ್ವು ನಾ ಎಣಸಿಲ್ಲ, ಇಡ್ತೀನಿ.