ಕೆಲಸ ಬಿಡದೆ ಆತ್ಮಸಾಕ್ಷಿ ಉಳಿಸಿಕೊಳ್ಳುವ ಬಗೆ: ಸುದ್ದಿಮನೆಯಲ್ಲಿ ಇರುವವರು, ಇದ್ದವರು ಉತ್ತರಿಸಬೇಕು

ಪ್ರಶ್ನೆ: ವೆಬ್ ಡೆಸ್ಕ್ ಉಪಸಂಪಾದಕಿ, ಬೆಂಗಳೂರು

ನಾನು ಕನ್ನಡ ಸುದ್ದಿವಾಹಿನಿಯೊಂದರ ವೆಬ್ ಡೆಸ್ಕ್‌ನಲ್ಲಿ ಉಪಸಂಪಾದಕಿಯಾಗಿದ್ದೇನೆ. ಜಿಲ್ಲೆಗಳಿಂದ ಬರುವ ವರದಿಗಳನ್ನು ತಿದ್ದುವುದು, ತಲೆಬರಹ ಕೊಡುವುದು, ಯೂಟ್ಯೂಬ್ ಥಂಬ್‌ನೇಲ್‌ಗೆ ನಾಲ್ಕು ಪದ ಬರೆಯುವುದು ನನ್ನ ಕೆಲಸ. ಎಷ್ಟು ಜನ ಓದುತ್ತಿದ್ದಾರೆಂದು ತೋರಿಸುವ ಪರದೆ ಪಾಳಿ ಮುಗಿಯುವವರೆಗೂ ಕಣ್ಣೆದುರೇ ಇರುತ್ತದೆ. ಆ ಸಂಖ್ಯೆ ಇಳಿದಾಗ ಬರುವ ಸೂಚನೆಗಳು ನನಗೆ ಕಷ್ಟವಾಗಿವೆ. ವಿದ್ಯಾರ್ಥಿನಿಯೊಬ್ಬಳ ಆತ್ಮಹತ್ಯೆಯ ಸುದ್ದಿಯಾದರೆ, ಹೇಗೆ ಸತ್ತಳೆಂಬುದು ತಲೆಬರಹದಲ್ಲೇ ಇರಲಿ, ಬರೆದಿಟ್ಟ ಚೀಟಿಯ ಚಿತ್ರವನ್ನೂ ಹಾಕಿ ಎನ್ನುತ್ತಾರೆ. ಆಸ್ಪತ್ರೆಯವರು ಹಣ ಕೊಟ್ಟು ಹಾಕಿಸುವ ಲೇಖನದ ಮೇಲೆ 'ಜಾಹೀರಾತು' ಎಂಬ ಪಟ್ಟಿ ಬೇಡ ಎನ್ನುತ್ತಾರೆ. ಜ್ಯೋತಿಷ್ಯವನ್ನು ನಂಬದ ನಾನು ದಿನವೂ ರಾಶಿಫಲ ಪ್ರಕಟಿಸುತ್ತೇನೆ.

ರಾಜೀನಾಮೆ ಕೊಡು ಎಂಬ ಸಲಹೆ ಈಗಾಗಲೇ ಧಾರಾಳವಾಗಿ ಸಿಕ್ಕಿದೆ. ದಯವಿಟ್ಟು ಅದೊಂದು ಬೇಡ. ಸಾಲದ ಕಂತು ಇದೆ ಎಂಬುದು ನಿಜ, ಆದರೆ ಈ ಕೆಲಸವನ್ನು ನಾನು ಇಷ್ಟಪಟ್ಟೇ ಆರಿಸಿಕೊಂಡಿದ್ದೇನೆ ಎಂಬುದೂ ಅಷ್ಟೇ ನಿಜ. ಇಲ್ಲೇ ಇದ್ದು, ದಿನವೂ ಜಗಳಕ್ಕೆ ನಿಲ್ಲದೆ, ಯಾವುದಕ್ಕೆ ತಲೆಯಾಡಿಸಬಹುದು, ಯಾವುದಕ್ಕೆ ಕೂಡದು ಎಂದು ನೀವು ಹೇಗೆ ತೀರ್ಮಾನಿಸುತ್ತೀರಿ?

ಉತ್ತರ: ನಿವೃತ್ತ ಮುಖ್ಯ ಉಪಸಂಪಾದಕ, ಮೈಸೂರು

ನೀವು ಹೇಳಿರುವ ಮೂರೂ ಒಂದೇ ತೂಕದವಲ್ಲ. ರಾಶಿಫಲ ಎಂದರೇನೆಂದು ಗೊತ್ತಿದ್ದೇ ಓದುಗ ಅದನ್ನು ತೆರೆಯುತ್ತಾನೆ. ಅಲ್ಲಿ ನೋಯುವುದು ನಿಮ್ಮ ಅಭಿರುಚಿ ಮಾತ್ರ. ಅದಕ್ಕಾಗಿ ಹೋರಾಡಿ ಶಕ್ತಿ ಕಳೆಯಬೇಡಿ ಎಂಬುದು ನನ್ನ ಅಭಿಪ್ರಾಯ, ವಿಚಾರವಾದಿ ಮಿತ್ರರು ಕ್ಷಮಿಸಬೇಕು. ಪಟ್ಟಿಯಿಲ್ಲದ ಜಾಹೀರಾತು ಓದುಗನಿಗೆ ಮಾಡುವ ಮೋಸ. ಆತ್ಮಹತ್ಯೆಯ ವಿಧಾನವನ್ನು ವರ್ಣಿಸುವುದು ಇವೆರಡಕ್ಕಿಂತ ಗಂಭೀರ, ಏಕೆಂದರೆ ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರು ಅದನ್ನು ಓದುತ್ತಿರುತ್ತಾರೆ.

ಆತ್ಮಹತ್ಯೆಯ ವರದಿಗಾರಿಕೆ ಕುರಿತು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿಯನ್ನು ಅಂಗೀಕರಿಸಿದೆ. ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ಕೊಡಬಾರದು, ತಲೆಬರಹದಲ್ಲಿ ಉದ್ರೇಕ ಇರಬಾರದು, ಚಿತ್ರ ಮತ್ತು ವಿಡಿಯೊ ಬಳಸಬಾರದು ಎಂಬುದು ಅದರ ಸಾರ. ಆದರೆ ಮಂಡಳಿಯ ವ್ಯಾಪ್ತಿಗೆ ಟಿವಿ ವಾಹಿನಿಗಳು ಬರುವುದಿಲ್ಲ, ಪತ್ರಿಕೆಗಳಿಗಾದರೂ ಅದು ಛೀಮಾರಿ ಹಾಕಬಹುದೇ ಹೊರತು ದಂಡ ವಿಧಿಸಲಾರದು. ಆದ್ದರಿಂದ ಮಾರ್ಗಸೂಚಿ ತೋರಿಸಿ ಹೆದರಿಸಲು ಹೋದರೆ ನಗೆಪಾಟಲಾಗುತ್ತೀರಿ. ಅದನ್ನು ನಿಮ್ಮ ಪಾಳಿಯ ಮುಖ್ಯಸ್ಥರ ಕೈಗೆ ಕೊಡಿ. ಅವರನ್ನೂ ಮೇಲಿನವರು ಪ್ರಶ್ನಿಸುತ್ತಾರೆ. ಆಗ ಹೇಳಲು ಅವರಿಗೊಂದು ಆಧಾರ ಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿಯ ಮಾತು ಮಾತ್ರ ಬೇರೆ. 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ಶಾಲೆ, ನೆರೆಹೊರೆ, ಕುಟುಂಬದ ವಿವರ ಕೊಟ್ಟರೂ ಜೈಲು ಶಿಕ್ಷೆ ಆಗಬಹುದು, ಮತ್ತು ನೌಕರನ ತಪ್ಪಿಗೆ ಮಾಲೀಕನೂ ಹೊಣೆಯಾಗುತ್ತಾನೆ. ಈ ಕೊನೆಯ ವಾಕ್ಯವನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ಸಭೆಯಲ್ಲಿ ಎಲ್ಲರೂ ಕಿವಿಗೊಡುತ್ತಾರೆ.

ಇನ್ನೊಂದು ಡೆಸ್ಕ್‌ನ ಗುಟ್ಟು. ಆತುರದ ಹೊತ್ತಿನಲ್ಲಿ ಮೊದಲು ಬರೆದ ತಲೆಬರಹವೇ ಬಹುತೇಕ ಉಳಿಯುತ್ತದೆ. ಸೂಚನೆ ಬರುವ ಮುನ್ನವೇ ಒಳ್ಳೆಯ ತಲೆಬರಹ ಸಿದ್ಧವಿರಲಿ. ಹಾಸ್ಟೆಲ್‌ನಲ್ಲಿ ಆಪ್ತಸಮಾಲೋಚಕರು ಇದ್ದರೇ, ದೂರು ಮೊದಲೇ ಬಂದಿತ್ತೇ, ಆಡಳಿತ ಏನು ಮಾಡಿತು ಎಂಬ ಅಂಶಗಳಲ್ಲಿ ಗಟ್ಟಿ ಸುದ್ದಿ ಇರುತ್ತದೆ, ಓದುಗರೂ ಸಿಗುತ್ತಾರೆ. ಕೊನೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಸೇರಿಸಿ. ಅದನ್ನು ಬೇಡವೆಂದು ಅಳಿಸುವವರು ಅಪರೂಪ.

ಉತ್ತರ: ಅರೆಕಾಲಿಕ ವರದಿಗಾರ, ತಾಲ್ಲೂಕು ಕೇಂದ್ರವೊಂದರಿಂದ

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಅದು ತಿಂಗಳ ಸಂಬಳ ಇರುವವರಿಗೆ ಹೇಳಿದ ಮಾತು. ನನಗೆ ಪ್ರಕಟವಾದ ಸುದ್ದಿಗೆ ಒಂದಿಷ್ಟು ಗೌರವಧನ, ತಂದ ಜಾಹೀರಾತಿಗೆ ಕಮಿಷನ್ ಸಿಗುತ್ತದೆ, ಅಷ್ಟೆ. ದಸರಾ, ರಾಜ್ಯೋತ್ಸವ, ಶಾಸಕರ ಹುಟ್ಟುಹಬ್ಬ ಬಂದರೆ ವಿಶೇಷ ಪುರವಣಿಗೆ ಇಷ್ಟು ತರಬೇಕೆಂಬ ಗುರಿ ಬರುತ್ತದೆ. ಕಳಪೆ ರಸ್ತೆಯ ಬಗ್ಗೆ ಯಾರನ್ನು ಪ್ರಶ್ನಿಸಬೇಕೋ ಅದೇ ಗುತ್ತಿಗೆದಾರರ ಬಾಗಿಲಿಗೆ ಶುಭಾಶಯದ ಜಾಹೀರಾತು ಕೇಳಲು ಹೋಗಬೇಕು.

'ಕಾಸಿಗಾಗಿ ಸುದ್ದಿ' ಎಂದೊಡನೆ ಎಲ್ಲರ ಕಣ್ಣು ನಮ್ಮಂಥವರ ಮೇಲೆ ಬೀಳುತ್ತದೆ. 2009ರ ಚುನಾವಣೆಯ ನಂತರ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ ಕೊಟ್ಟ ವರದಿಯಾದರೋ, ಅದು ಬಿಡಿ ಪತ್ರಕರ್ತರ ಭ್ರಷ್ಟಾಚಾರದ ಹಂತವನ್ನು ದಾಟಿ ಸಂಸ್ಥೆಗಳೇ ನಡೆಸುವ ವ್ಯವಹಾರವಾಗಿದೆ ಎಂದಿತು. ಆ ವರದಿಯ ಪೂರ್ಣಪಾಠ ಹೊರಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ನಡೆಯಲಿಲ್ಲವೇ ಎಂದು ನನಗೆ ಹಲವರು ಹೇಳಿದ್ದಾರೆ. ನಡೆಯಿತು, ನಿಜ. ಅಲ್ಲಿ ಒಡೆಯನೂ ಸಂಪಾದಕನೂ ಒಬ್ಬರೇ ಆಗಿದ್ದರು; ನಿರ್ಧಾರ ಮಾಡಿದವರೇ ಅದರ ನಷ್ಟವನ್ನೂ ಹೊರಬಲ್ಲವರಾಗಿದ್ದರು. ನಾನು ಮಾಲೀಕನಲ್ಲ.

ಹೀಗಾಗಿ ನಾನು ಹಾಕಿಕೊಂಡಿರುವ ಗೆರೆ ಚಿಕ್ಕದು. ಚಿನ್ನದಂಗಡಿ, ಗೊಬ್ಬರದಂಗಡಿ, ಖಾಸಗಿ ಶಾಲೆಗಳಿಂದ ಜಾಹೀರಾತು ತರುತ್ತೇನೆ. ಗುತ್ತಿಗೆದಾರರು, ಪಂಚಾಯಿತಿ ಸದಸ್ಯರ ಬಳಿಗೆ ಹೋಗುವುದಿಲ್ಲ ಎಂದು ಜಿಲ್ಲಾ ಕಚೇರಿಗೆ ಮೊದಲೇ ತಿಳಿಸಿದ್ದೇನೆ. ಇದರಿಂದ ಆದಾಯ ಕಡಿಮೆಯಾಗಿದೆ. ಮನೆಯವಳ ಹೊಲಿಗೆ ಯಂತ್ರ ಇಲ್ಲದಿದ್ದರೆ ಈ ಗೆರೆಯೂ ಉಳಿಯುತ್ತಿರಲಿಲ್ಲ. ಚುನಾವಣೆ ಬಂದಾಗ ಮಾತ್ರ ಒಂದು ಅನುಕೂಲವಿದೆ. ಕಾಸಿಗೆ ಬರೆಸಿದ ಸುದ್ದಿ ಎಂದು ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಯಲ್ಲಿ ಸಾಬೀತಾದರೆ ಅದರ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಉತ್ತರ ಪ್ರದೇಶದ ಶಾಸಕಿಯೊಬ್ಬರು ಇಂಥ ವೆಚ್ಚವನ್ನು ತೋರಿಸದಿದ್ದುದಕ್ಕೆ 2011ರಲ್ಲಿ ಚುನಾವಣಾ ಆಯೋಗದಿಂದ ಅನರ್ಹಗೊಂಡರು. ಇಷ್ಟನ್ನು ಹೇಳಿದರೆ ಅಭ್ಯರ್ಥಿಯ ಕಡೆಯವರೇ, ಹಾಗಾದರೆ ಜಾಹೀರಾತೆಂದೇ ಹಾಕಿ ಎನ್ನುತ್ತಾರೆ.

ಉತ್ತರ: ಕಾರ್ಮಿಕ ಪ್ರಕರಣಗಳ ವಕೀಲೆ, ಹುಬ್ಬಳ್ಳಿ

ರಾಜೀನಾಮೆಯ ಮಾತು ಬೇಡ ಎಂದಿದ್ದೀರಿ, ಆದರೂ ಒಂದು ಸಂಗತಿ ಗೊತ್ತಿರಲಿ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಡಿ ಪತ್ರಿಕಾ ನೌಕರರು ತಾವಾಗಿ ಕೆಲಸ ಬಿಟ್ಟರೆ ಗ್ರಾಚ್ಯುಟಿಗೆ ಹತ್ತು ವರ್ಷದ ಸೇವೆ ಬೇಕಿತ್ತು. ಆತ್ಮಸಾಕ್ಷಿಯ ಕಾರಣಕ್ಕೆ ಬಿಟ್ಟರೆ ಮೂರು ವರ್ಷ ಸಾಕಿತ್ತು. ಈ ವೃತ್ತಿಯಲ್ಲಿ ಅಂಥ ಸಂದರ್ಭ ಬರುತ್ತದೆಂದು ಸಂಸತ್ತೇ ಒಪ್ಪಿಕೊಂಡಿತ್ತು ಎಂಬುದು ನನಗೆ ಇಂದಿಗೂ ಸೋಜಿಗ. ಆ ಕಾಯ್ದೆಯ ಜಾಗಕ್ಕೆ 2020ರ ಕಾರ್ಮಿಕ ಸಂಹಿತೆಗಳನ್ನು ತರಲಾಗಿದೆ. ಅವುಗಳಲ್ಲಿ ಕಾರ್ಯನಿರತ ಪತ್ರಕರ್ತರ ಗ್ರಾಚ್ಯುಟಿಗೆ ಮೂರು ವರ್ಷದ ಸೇವೆ ಎಂದಿದೆ. ನಿಮ್ಮ ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರು ಉಪಸಂಪಾದಕಿ ಎಂದಿದೆಯೋ, ಕಂಟೆಂಟ್ ಎಕ್ಸಿಕ್ಯುಟಿವ್ ಎಂದಿದೆಯೋ ಇವತ್ತೇ ನೋಡಿಕೊಳ್ಳಿ.

ಆಸ್ಪತ್ರೆಯ ಲೇಖನದ ವಿಷಯದಲ್ಲಿ ನಿಮ್ಮ ಬಳಿ ಇನ್ನೂ ಗಟ್ಟಿಯಾದ ಆಧಾರವಿದೆ. 1954ರ ಔಷಧಗಳು ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯ್ದೆಯಲ್ಲಿರುವ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. ಅದನ್ನು ವಾಸಿ ಮಾಡುತ್ತದೆಂದು ಔಷಧವೊಂದನ್ನು ಹೊಗಳುವ ಜಾಹೀರಾತಿನ ಪ್ರಕಟಣೆಯಲ್ಲಿ ಪಾಲ್ಗೊಳ್ಳುವುದನ್ನೇ ಆ ಕಾಯ್ದೆ ನಿಷೇಧಿಸಿದೆ. 'ಜಾಹೀರಾತು' ಎಂಬ ಪಟ್ಟಿ ಹಾಕದೆ ಪ್ರಕಟಿಸಿ ಎಂಬ ಸೂಚನೆ ಬಾಯಿಮಾತಿನಲ್ಲಿ ಬಂದರೆ, 'ಇದನ್ನು ಸುದ್ದಿಯಾಗಿ ಪ್ರಕಟಿಸಬೇಕೆಂದು ತಿಳಿಸಿದ್ದೀರಿ, ಖಚಿತಪಡಿಸಿ' ಎಂದು ಜಾಹೀರಾತು ವಿಭಾಗಕ್ಕೆ ವಿನಯದಿಂದ ಒಂದು ಮೇಲ್ ಕಳಿಸಿ. ಲಿಖಿತವಾಗಿ ಉತ್ತರಿಸಲು ಯಾರೂ ಮುಂದೆ ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನೇಮಕಾತಿ ಪತ್ರ ತೆಗೆದು ನೋಡಿದೆ. ಕಂಟೆಂಟ್ ಎಕ್ಸಿಕ್ಯುಟಿವ್ ಎಂದೇ ಇದೆ. ಹುದ್ದೆಯ ಹೆಸರು ಹೀಗಿದ್ದರೂ ಮಾಡುವ ಕೆಲಸದ ಆಧಾರದ ಮೇಲೆ ಪತ್ರಕರ್ತೆ ಎಂದು ವಾದಿಸಲು ಸಾಧ್ಯವೇ, ಅದಕ್ಕೆ ಯಾವ ದಾಖಲೆಗಳನ್ನು ಇಟ್ಟುಕೊಂಡಿರಬೇಕು ಎಂದು ವಕೀಲರು ತಿಳಿಸಿದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿಯ ವಕೀಲೆ

ಖಂಡಿತ ವಾದಿಸಬಹುದು, ಇಂಥ ವ್ಯಾಜ್ಯಗಳಲ್ಲಿ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸದ ಸ್ವರೂಪ ಮುಖ್ಯ. ನಿಮ್ಮ ಹೆಸರಿನಲ್ಲಿ ಪ್ರಕಟವಾದ ಬರಹಗಳು (ಬೈಲೈನ್), ಪಾಳಿ ಪಟ್ಟಿ, ತಿದ್ದಲು ನಿಮಗೆ ಬಂದ ವರದಿಗಳ ಮೇಲ್‌ಗಳು ಜೋಪಾನವಾಗಿರಲಿ.