ಪೀಟರ್ ದಿ ಗ್ರೇಟ್‌ನ ಅಕ್ಕ ಸೋಫಿಯಾಗೆ ಮದುವೆ ಯಾಕೆ ಆಗಲಿಲ್ಲ?

ಹಳೇಪುಟ: ಪೀಟರ್ ಬಗ್ಗೆ ಓದುತ್ತಿದ್ದೆ. ಅವನ ಮಲಅಕ್ಕ ಸೋಫಿಯಾ 1682ರಿಂದ 1689ರವರೆಗೆ ರಷ್ಯಾ ಆಳಿದಳು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಅವಳಿಗೂ ಮದುವೆಯಿಲ್ಲ, ಅಕ್ಕತಂಗಿಯರಿಗೂ ಇಲ್ಲ. ರಾಜನ ಮನೆಯ ಇಷ್ಟು ಹೆಣ್ಣುಮಕ್ಕಳು ಹಾಗೇ ಉಳಿದದ್ದು ಯಾಕೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮಂಜಿನೂರು: ವರ ಸಿಗುವ ದಾರಿ ಎರಡೂ ಕಡೆ ಮುಚ್ಚಿತ್ತು. ದೇಶದೊಳಗೆ ಎಷ್ಟೇ ದೊಡ್ಡ ಮನೆತನದವನಾದರೂ ಅವನು ತ್ಸಾರ್‌ನ ಆಳೇ, ಆಳಿಗೆ ರಾಜನ ಮಗಳನ್ನು ಕೊಡುವಂತಿಲ್ಲ. ಹೊರಗಿನವರಾದರೆ ರಷ್ಯಾದವರ ಆರ್ಥಡಾಕ್ಸ್ ಕ್ರೈಸ್ತ ಪಂಥಕ್ಕೆ ಸೇರಬೇಕು. ಸೋಫಿಯಾಳ ಸೋದರತ್ತೆ ಐರಿನಾಳನ್ನು ಕೊಡಲು 1644ರಲ್ಲಿ ಡೆನ್ಮಾರ್ಕಿನ ರಾಜನ ಮಗ ವಾಲ್ಡೆಮಾರ್‌ನನ್ನು ಮಾಸ್ಕೋಗೆ ಕರೆಸಿದ್ದರು. ಪಂಥ ಬದಲಿಸಲ್ಲ ಅಂತ ಅವನು ಪಟ್ಟು ಹಿಡಿದ. ಇವರು ವಾಪಸ್ ಹೋಗಲೂ ಬಿಡಲಿಲ್ಲ, ಮರುವರ್ಷ ಐರಿನಾಳ ಅಪ್ಪ ತ್ಸಾರ್ ಮಿಖಾಯಿಲ್ ತೀರಿಕೊಂಡ ಮೇಲೆಯೇ ಅವನು ಊರಿಗೆ ಹೊರಟದ್ದು. ಐರಿನಾ ಕೊನೆತನಕ ಒಂಟಿಯಾಗಿಯೇ ಉಳಿದಳು.

ಈ ಹೆಣ್ಣುಮಕ್ಕಳು ಇರುತ್ತಿದ್ದದ್ದು ಅರಮನೆಯ ತೆರೆಮ್‌ನಲ್ಲಿ, ಅಂದರೆ ಹೆಂಗಸರ ಭಾಗದಲ್ಲಿ. ಪ್ರಾರ್ಥನೆ, ಕಸೂತಿ, ದಾನಧರ್ಮ. ಚರ್ಚಿಗೆ ನಡೆದು ಹೊರಟರೂ ಜನರ ಕಣ್ಣಿಗೆ ಬೀಳದಂತೆ ಎರಡೂ ಬದಿಗೆ ಬಟ್ಟೆ ಹಿಡಿಯುತ್ತಿದ್ದರು.

ಕಡತದಹುಳು: ಆ ಬಟ್ಟೆಯ ಮರೆ ನೆನಪಿಟ್ಟುಕೊಂಡು ಮುಂದಿನದು ಓದಿ. 1682ರಲ್ಲಿ ಅವಳ ತಮ್ಮ ತ್ಸಾರ್ ಫ್ಯೋದರ್ ಸತ್ತಾಗ, ಸಂಪ್ರದಾಯ ಬಿಟ್ಟು ಸೋಫಿಯಾ ಎಲ್ಲರ ಎದುರಿಗೇ ಶವದ ಹಿಂದೆ ನಡೆದುಹೋದಳು. ನನಗೆ ಅವಳ ಬದುಕಿನಲ್ಲಿ ಅತಿ ದೊಡ್ಡ ಹೆಜ್ಜೆ ಅದೇ ಅನಿಸುತ್ತದೆ. ಕೆಲವೇ ದಿನಗಳಲ್ಲಿ ಸ್ಟ್ರೆಲ್ತ್ಸಿ ಅನ್ನುವ ಬಂದೂಕು ಪಡೆ ದಂಗೆ ಎದ್ದು ಪೀಟರ್‌ನ ಸೋದರಮಾವಂದಿರನ್ನು ಕೊಂದಿತು. ಅವಳೇ ಎತ್ತಿಕಟ್ಟಿದಳು ಅಂತ ಪೀಟರ್‌ನ ಕಡೆಯವರು ಹೇಳುತ್ತಾ ಬಂದರು, ಆದರೆ ಸಂಬಳ ಬಾಕಿ, ಮೇಲಧಿಕಾರಿಗಳ ಕಾಟ, ಇವು ಆ ಸೈನಿಕರಿಗೆ ಮೊದಲೇ ಇದ್ದ ಸಿಟ್ಟು. ಕೊನೆಗೆ ಸೋಫಿಯಾಳ ಇನ್ನೊಬ್ಬ ತಮ್ಮ ಕಾಯಿಲೆಯ ಇವಾನ್, ಇನ್ನೂ ಹತ್ತು ತುಂಬದ ಪೀಟರ್, ಇಬ್ಬರನ್ನೂ ಒಟ್ಟಿಗೆ ತ್ಸಾರ್ ಮಾಡಿದರು. ಆಳಿದ್ದು 24 ವರ್ಷದ ಅಕ್ಕ. ಆ ಜೋಡಿ ಸಿಂಹಾಸನ ಈಗಲೂ ಕ್ರೆಮ್ಲಿನ್‌ನಲ್ಲಿದೆ, ಬೆನ್ನಿನ ಕಡೆ ಒಂದು ಕಿಂಡಿ ಇದೆ. ಹುಡುಗರು ಏನು ಮಾತಾಡಬೇಕು ಅಂತ ಅಲ್ಲಿಂದಲೇ ಪಿಸುಗುಡುತ್ತಿದ್ದರು ಅಂತ ಹೇಳುತ್ತಾರೆ.

1686ರಲ್ಲಿ ಪೋಲೆಂಡ್ ಜೊತೆ ಒಪ್ಪಂದವಾಗಿ ಕೀವ್ ರಷ್ಯಾಗೆ ಉಳಿಯಿತು. 1689ರಲ್ಲಿ ನೆರ್ಚಿನ್ಸ್ಕ್‌ನಲ್ಲಿ ಚೀನಾ ಜೊತೆ ಗಡಿ ಒಪ್ಪಂದ. ಕ್ರಿಮಿಯಾ ಮೇಲೆ ಎರಡು ಸಲ ಹೋದ ದಂಡು ಮಾತ್ರ ಸುಮ್ನೆ ಸುಸ್ತಾಗಿ ಬಂತು, ಅದೇ ಅವಳಿಗೆ ಮುಳುವಾಯಿತು.

ಹಳೇಪುಟ: ಇಷ್ಟೆಲ್ಲ ಇತ್ತಾ! ಆಮೇಲೆ ಅವಳು ಏನಾದಳು?

ಮಂಜಿನೂರು: ಪೀಟರ್‌ಗೆ 17 ಆಗಿತ್ತು, ಸೈನ್ಯ ಅವನ ಕಡೆ ವಾಲಿತು. ಅವಳನ್ನು ಮಾಸ್ಕೋದ ನೊವೊದೆವಿಚಿ ಮಠಕ್ಕೆ ಕಳಿಸಿದರು. 1698ರಲ್ಲಿ ಸ್ಟ್ರೆಲ್ತ್ಸಿ ಮತ್ತೆ ಎದ್ದಾಗ ಪೀಟರ್ ಬಲವಂತವಾಗಿ ಅವಳನ್ನು ಸನ್ಯಾಸಿನಿ ಮಾಡಿಸಿದ, ಹೆಸರೂ ಬದಲು, ಸುಸಾನ್ನಾ. ಅವಳ ಕಿಟಕಿಯ ಹೊರಗೇ ಸೈನಿಕರನ್ನು ನೇಣಿಗೆ ಹಾಕಿ, ಸತ್ತವರ ಕೈಗೆ ಮನವಿ ಪತ್ರ ಸಿಕ್ಕಿಸಿದ್ದ. ಹೆಣಗಳು ತಿಂಗಳುಗಟ್ಟಲೆ ಅಲ್ಲೇ ತೂಗುತ್ತಿದ್ದವು. 1704ರಲ್ಲಿ, 46ನೇ ವಯಸ್ಸಿಗೆ ತೀರಿಕೊಂಡಳು. ಸಮಾಧಿಯೂ ಅದೇ ಮಠದ ಚರ್ಚಿನೊಳಗಿದೆ.